ತುಂಬಿದ ಬ್ಯಾಟರಿ

ಆಂಜಿನಪ್ಪನ ಮನೆಯಲ್ಲಿ ಅಕ್ಕಿ ಎಂದೂ ಮುಗಿದದ್ದಿಲ್ಲ. ಸಿರಿತನದ ಮಾತಲ್ಲ ಇದು, ಬಾಯಿಯ ಮಡಿ. ಡಬ್ಬದ ತಳ ಕೆರೆದರೂ ಒಂದು ಕಾಳು ಸಿಗದ ದಿನ ಅವನ ಹೆಂಡತಿ ಭಾಗ್ಯಮ್ಮ ಹೇಳುತ್ತಿದ್ದುದು “ಅಕ್ಕಿ ತುಂಬಿದೆ” ಎಂದೇ. ದೀಪವನ್ನು ಆರಿಸಬಾರದು, ದೊಡ್ಡದು ಮಾಡಬೇಕು. ಹೊರಟವರು ಹೋಗಬಾರದು, ಹೋಗಿ ಬರಬೇಕು. ನಾವು ಆಡಿದ ಮಾತಿಗೆಲ್ಲ ‘ಅಸ್ತು, ಅಸ್ತು’ ಎನ್ನುತ್ತ ದೇವತೆಗಳು ಸೂರಿನ ಮೇಲೆ ಓಡಾಡುತ್ತಿರುತ್ತಾರಂತೆ. ಅವರ ಕಿವಿಗೆ ‘ಇಲ್ಲ’, ‘ಮುಗೀತು’ ಎಂಬುದು ಬಿದ್ದರೆ ಗತಿಯೇನು? ಹಿರಿಯರು ಬರಿದಾದದ್ದನ್ನೂ ತುಂಬಿದೆ ಎಂದು ಕರೆದು ಬದುಕನ್ನು ದಾಟಿಸಿಕೊಂಡು ಬಂದರು. ಆ ಮಾತು ನಮ್ಮ ಕಡೆಯ ಮನೆಗಳಲ್ಲಿ ಉಪ್ಪಿನಷ್ಟು ಸಲೀಸು. ಅದು ಒಮ್ಮೆ ಮನೆಯ ಹೊಸಿಲು ದಾಟಿ ಅಂಗಡಿಗೆ ಬಂದು ಕೂತಾಗ ಏನಾಯಿತು ಎಂಬುದೇ ಈ ಕಥೆ.

ಎಪ್ಪತ್ತಮೂರನೇ ಇಸವಿ, ಕಾರ್ತಿಕದ ಒಂದು ಶುಕ್ರವಾರ. ಆಂಜಿನಪ್ಪ ಸ್ನಾನ ಮಾಡಿ, ಹಣೆಗೆ ನಾಮವಿಟ್ಟು, ಕ್ಯಾಮರಾದ ಚೀಲ ಹೆಗಲಿಗೇರಿಸಿದ.

“ಏನೂಂದ್ರೆ, ಅಕ್ಕಿ ತುಂಬಿದೆ. ಬರ್ತಾ ನೆನಪಿಟ್ಕೊಂಡು ತನ್ನಿ” ಅಂದಳು ಭಾಗ್ಯಮ್ಮ.

“ತರ್ತೀನಿ ಕಣೇ. ಇವತ್ತು ಮೊದ್ಲು ಬೆಳಕು ತರ್ಬೇಕು. ಆಮೇಲೆ ಅಕ್ಕಿ.”

“ಸರಿ, ಅಕ್ಕಿ ಮರೆತು ಬನ್ನಿ, ಬೆಳಕನ್ನೇ ಬೇಯಿಸಿ ಬಡಿಸ್ತೀನಿ.”

ಆಂಜಿನಪ್ಪನಿಗೆ ತ್ಯಾಮಗೊಂಡ್ಲಿನ ಬೀದಿಯಲ್ಲಿ ಒಂದು ಪುಟ್ಟ ಸ್ಟುಡಿಯೋ. ಹಿಂದೆ ಒಂದು ಪರದೆ, ಪರದೆಯ ಮೇಲೆ ಕೊಳ, ಕೊಳದಲ್ಲಿ ಎರಡು ಹಂಸ. ಸುತ್ತಲಿನ ಹಳ್ಳಿಗಳ ಮದುವೆ, ನಾಮಕರಣಗಳಿಗೆಲ್ಲ ಅವನೇ. ಅವನಿಗೆ ವಿದ್ಯೆ ಕಲಿಸಿದ ವೆಂಕಟರಾಮಪ್ಪನವರು ಕೈ ನಡುಗಲು ಶುರುವಾದ ವರ್ಷ ತಮ್ಮ ಕ್ಯಾಮರಾವನ್ನೂ ಜರ್ಮನಿಯ ಫ್ಲಾಶನ್ನೂ ಅವನ ಕೈಗಿತ್ತು, “ಬೆಳಕು ನಿಂದಲ್ಲ, ನೀನು ಅದಕ್ಕೆ ದಾರಿ ಅಷ್ಟೆ” ಎಂದು ಹರಸಿದ್ದರು. ಆ ಫ್ಲಾಶಿಗೆ ಹೆಗಲಿಗೆ ತೂಗುಹಾಕುವ ಒಂದು ಚರ್ಮದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಇಟ್ಟಿಗೆಯ ಅರ್ಧದಷ್ಟು ದಪ್ಪದ, ಆಸಿಡ್ಡು ತುಂಬಿದ ಬ್ಯಾಟರಿ. ಕರೆಂಟಿನಲ್ಲಿಟ್ಟು ಚಾರ್ಜು ಮಾಡಿಕೊಂಡರೆ ಒಂದು ಮದುವೆ ಪೂರ್ತಿ ಬೆಳಗುತ್ತಿತ್ತು. ಅಂಥವು ಎರಡಿದ್ದವು. ಒಂದು ದಣಿದರೆ ಇನ್ನೊಂದು.

ವಯಸ್ಸು ಬ್ಯಾಟರಿಗೂ ಆಗುತ್ತದೆ. ಮೊದಲು ಹತ್ತು ಉಸಿರಿಗೆ ಮಿಂಚಲು ತಯಾರಾಗುತ್ತಿದ್ದ ಫ್ಲಾಶು ಇಪ್ಪತ್ತಕ್ಕೆ ಬಂತು, ಮೂವತ್ತಕ್ಕೆ ಬಂತು. ಕೊನೆಗೆ ಹೋದ ವರ್ಷ, ಬೇರೆಲ್ಲೂ ಅಲ್ಲ, ಮುತ್ತಮ್ಮಜ್ಜಿಯ ಮುಂದೆಯೇ ಮಿಣಕ್ ಎಂದು ಸುಮ್ಮನಾಯಿತು.

ಮುತ್ತಮ್ಮಜ್ಜಿ ಎಂದರೆ ತ್ಯಾಮಗೊಂಡ್ಲಿಗೆ ಎರಡು ಮೈಲಿ ದೂರದ ಪಾಳ್ಯದ ಸೂಲಗಿತ್ತಿ. ಆ ಸುತ್ತಿನಲ್ಲಿ ನಲವತ್ತು ದಾಟಿದವರೆಲ್ಲ ಮೊದಲು ಬಿದ್ದದ್ದು ಅವಳ ಕೈಗೆ. ಆಂಜಿನಪ್ಪ ಹುಟ್ಟಿದಾಗ ಹಣತೆಯನ್ನು ಹತ್ತಿರ ಹಿಡಿದು ಅವನ ಮುಖ ಮೊದಲು ನೋಡಿದವಳೂ ಅವಳೇ. ಅವನ ತಾಯಿ ನೋಡಿದ್ದು ಆಮೇಲೆ. ಈಗ ಅಜ್ಜಿಗೆ ಎಂಬತ್ತರ ಮೇಲೆ. ಸೊಂಟದ ಮೂಳೆ ಮುರಿದು ಒಳಕೋಣೆಯ ಮಂಚ ಹಿಡಿದು ಮೂರು ವರ್ಷ. ಎತ್ತಿ ಹೊರಗೆ ತರುವಂತಿಲ್ಲ. ಊರಿಗೆ ಕರೆಂಟು ಬಂದಿತ್ತು, ಆ ಮನೆಯೊಳಕ್ಕೆ ಇನ್ನೂ ಬಂದಿರಲಿಲ್ಲ. ಕೋಣೆಗೆ ಇದ್ದದ್ದು ಅಂಗೈಯಗಲದ ಒಂದು ಬೆಳಕಿಂಡಿ.

ಅಜ್ಜಿಗಿದ್ದ ಆಸೆ ಒಂದೇ. ಸಾಸಲಿಗೆ ಕೊಟ್ಟಿದ್ದ ತಂಗಿ ರುಕ್ಮಿಣಮ್ಮನ ಜೊತೆ ಒಂದು ಫೋಟೋ. ಆ ತಂಗಿ ವರ್ಷಕ್ಕೊಮ್ಮೆ ಗಾಡಿ ಕಟ್ಟಿಸಿಕೊಂಡು ಬರುವಳು, ಎರಡು ದಿನ ಇದ್ದು ಹೋಗುವಳು. ಹೋದ ವರ್ಷ ಆಂಜಿನಪ್ಪ ತೆಗೆದ ಫೋಟೋ ತೊಳೆದು ನೋಡಿದರೆ ಬರೀ ಕಪ್ಪು. ನಾಚಿಕೆಯಿಂದ ತಲೆ ತಗ್ಗಿಸಿ ಅದನ್ನೇ ಒಯ್ದು ತೋರಿಸಿದ್ದ. ಅಜ್ಜಿ ಕಣ್ಣಿಗೆ ಹತ್ತಿರ ಹಿಡಿದು, “ನಮ್ಮಿಬ್ರ ಬಣ್ಣಾನೇ ಹಂಗೆ ಕಣ್ಲಾ ಆಂಜಿ, ಪಾಪ ನೀನೇನ್ ಮಾಡ್ತೀಯ” ಎಂದು ನಕ್ಕಿದ್ದಳು. ಆ ನಗು ಅವನನ್ನು ವರ್ಷವಿಡೀ ಚುಚ್ಚಿತ್ತು. ಬೈದಿದ್ದರೆ ಮರೆಯುತ್ತಿದ್ದನೇನೋ.

ಇದ್ದ ಬೆಳಕಿನಲ್ಲೇ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೆಗೆಯಬಹುದು, ಮೂರು ನಾಲ್ಕು ಸೆಕೆಂಡು ಅಲುಗದೆ ಕೂತರೆ. ಆ ಅಕ್ಕತಂಗಿಯರನ್ನು ಅಷ್ಟು ಹೊತ್ತು ಸುಮ್ಮನೆ ಕೂರಿಸುವುದು ಬ್ರಹ್ಮನಿಂದಲೂ ಆಗದ ಕೆಲಸ.

ಬೆಂಗಳೂರಿನ ಅಂಗಡಿಗಳಲ್ಲಿ ವಿಚಾರಿಸಿದ. “ಈ ಬ್ಯಾಟರಿ ಬರೋದು ನಿಂತು ಯಾವ ಕಾಲ ಆಯ್ತು, ಇದನ್ನ ಮ್ಯೂಸಿಯಮ್ಮಿಗೆ ಕೊಡಿ” ಅಂದರು. ಆಗ ಯಾರೋ ಹೇಳಿದ್ದು ನೆಲಮಂಗಲದ ಪಿಳ್ಳಪ್ಪನ ಹೆಸರು. ತುಮಕೂರು ರಸ್ತೆಯ ಪಕ್ಕ, ಲಾರಿಗಳು ನಿಲ್ಲುವ ಕಡೆ, ಸತ್ತ ಬ್ಯಾಟರಿಗಳನ್ನು ಬಿಚ್ಚಿ ಹೊಸ ಪ್ಲೇಟು ಹಾಕಿ ಮತ್ತೆ ಕಟ್ಟುವ ಮೇಸ್ತ್ರಿ ಅವನು. ಆಂಜಿನಪ್ಪನ ಎರಡು ಬ್ಯಾಟರಿಗಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ನಕ್ಕಿದ್ದ.

“ಇದೇನಣ್ಣಾ, ಆನೆಗೆ ಲಾಳ ಹೊಡೆಯೋನ ಹತ್ರ ಗುಬ್ಬಚ್ಚಿ ತಂದಿದ್ದೀಯ?”

“ಆಗುತ್ತೋ ಇಲ್ವೋ ಹೇಳಪ್ಪಾ.”

“ಆಗ್ದೆ ಏನು? ನೋಡಿಲ್ಲಿ. ಲಾರಿ ಬ್ಯಾಟರಿ ಅಂದ್ರೆ ಆರು ಮನೆ ವಠಾರ. ಒಂದೊಂದು ಮನೇಲೂ ಎರಡೆರಡು ವೋಲ್ಟು. ನಿಂದು ಎರಡೇ ಮನೆ. ದಪ್ಪ ಕೊಂಬು ಪ್ಲಸ್ಸು, ಸಣ್ಣ ಕೊಂಬು ಮೈನಸ್ಸು. ಲಾರಿಗಾದ್ರೂ ಅಷ್ಟೇ, ನಿನ್ನ ಗುಬ್ಬಚ್ಚಿಗಾದ್ರೂ ಅಷ್ಟೇ. ಲಾರಿ ಪ್ಲೇಟನ್ನೇ ಗರಗಸದಲ್ಲಿ ಕೊಯ್ದು ಇದರ ಅಳತೆಗೆ ಕೂರಿಸ್ತೀನಿ. ಒಂದನ್ನ ಕಟ್ತೀನಿ, ಇನ್ನೊಂದು ಹಂಗೇ ಮಾದರಿಗಿರ್ಲಿ. ಚಾರ್ಜ್ ಮಾತ್ರ ನಿಧಾನಕ್ಕೆ. ಹಸುಗೂಸಿಗೆ ಒಳಲೆಯಲ್ಲಿ ಹಾಲು ಕುಡಿಸ್ದಂಗೆ, ಎರಡು ದಿನ. ಶುಕ್ರವಾರ ಬಾ.”

ಆ ಶುಕ್ರವಾರವೇ ಇದು. ರುಕ್ಮಿಣಮ್ಮ ಪಾಳ್ಯಕ್ಕೆ ಬಂದು ಒಂದು ದಿನವಾಗಿತ್ತು. ಮಾರನೇ ಬೆಳಿಗ್ಗೆ ಅವಳ ಗಾಡಿ ಹೊರಡುತ್ತದೆ. “ಇನ್ನು ಈ ಮೈಯಲ್ಲಿ ಗಾಡಿ ಹತ್ತೋಕಾಗಲ್ಲ, ಇದೇ ಕೊನೆ ಸಲ” ಎಂದು ಅವಳೇ ಬಾಯಿ ಬಿಟ್ಟು ಹೇಳಿದ್ದಳು. ಇವತ್ತು ತಪ್ಪಿದರೆ ತಪ್ಪಿತು.

ಆಂಜಿನಪ್ಪ ನೆಲಮಂಗಲದಲ್ಲಿ ಬಸ್ಸಿಳಿದು ಅಂಗಡಿಗೆ ಬಂದಾಗ ಪಿಳ್ಳಪ್ಪ ಇರಲಿಲ್ಲ. ರಸ್ತೆಯಲ್ಲಿ ಯಾವುದೋ ಲಾರಿ ಕೆಟ್ಟು ನಿಂತಿದೆಯೆಂದು ಹೋಗಿದ್ದ. ಅವನ ತಾಯಿ ಮುನಿತಾಯಮ್ಮ ಒಬ್ಬಳೇ ಅಂಗಡಿ ಕಾಯುತ್ತ ಕೂತಿದ್ದಳು. ಶುಕ್ರವಾರವಾದ್ದರಿಂದ ಚಾರ್ಜು ಮಾಡುವ ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಊದುಕಡ್ಡಿ ಸಿಕ್ಕಿಸಿದ್ದಳು. ಆಸಿಡ್ಡಿನ ವಾಸನೆಯೊಳಗೆ ಗಂಧದ ವಾಸನೆ ಬೆರೆತು ಅದೊಂದು ಗುಡಿಯಂತೆಯೇ ಇತ್ತು.

“ಅಮ್ಮಾ, ನಾನು ತ್ಯಾಮಗೊಂಡ್ಲು ಫೋಟೋದೋನು. ನನ್ನ ಬ್ಯಾಟರಿ?”

“ಇಟ್ಟವ್ನೆ ಕಣಪ್ಪಾ.” ಮುದುಕಿ ಗೂಡಿನ ಕಡೆ ಕೈ ತೋರಿಸಿದಳು. ಹಳೇ ಪೇಪರಿನಲ್ಲಿ ಸುತ್ತಿ ಹುರಿ ಕಟ್ಟಿದ ಎರಡು ಪೊಟ್ಟಣ, ಅವಳಿಜವಳಿ ಹಾಗೆ, ಪಕ್ಕಪಕ್ಕ ಕೂತಿದ್ದವು.

“ಎರಡರಲ್ಲಿ ಯಾವುದಮ್ಮಾ ಆಗಿರೋದು?”

ಮುನಿತಾಯಮ್ಮ ಎದ್ದು ಬಂದು ಎಡಗಡೆಯದನ್ನು ಮುಟ್ಟಿದಳು. “ಇದು ತುಂಬಿದೆ ನೋಡಪ್ಪಾ. ಅದು...”

ರಸ್ತೆಯಲ್ಲಿ ತ್ಯಾಮಗೊಂಡ್ಲು ಬಸ್ಸು ಹಾರನ್ನು ಹೊಡೆಯಿತು. ಆ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೆ. ‘ಅದು’ ಏನೆಂದು ಕೇಳಲು ಅವನಿಗೆ ಪುರುಸೊತ್ತೆಲ್ಲಿ? “ತುಂಬಿದೆ” ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎಡಗಡೆಯ ಪೊಟ್ಟಣವನ್ನು ಮಗುವಿನಂತೆ ಎದೆಗವಚಿಕೊಂಡು, “ಬರ್ತೀನಿ ಕಣಮ್ಮಾ, ದುಡ್ಡಿನ ವಿಚಾರ ಪಿಳ್ಳಪ್ಪನ ಹತ್ರ ಆಮೇಲೆ ಮಾತಾಡ್ತೀನಿ!” ಎಂದು ಓಡಿ ಬಸ್ಸು ಹತ್ತಿದ. ಹಿಂದಿನಿಂದ ಮುದುಕಿ ಏನೋ ಕೂಗಿದಳು. ಹರಸುತ್ತಿದ್ದಾಳೆ ಎಂದುಕೊಂಡು ಕೈ ಮುಗಿದ.

ಪಾಳ್ಯದ ಮನೆಯಲ್ಲಿ ಹಬ್ಬದ ಕಳೆ. ಮುತ್ತಮ್ಮಜ್ಜಿಯ ಮಗ ಅಪ್ಪಯ್ಯಣ್ಣ ಬಾಗಿಲಲ್ಲೇ ಕಾದಿದ್ದ. ಒಳಕೋಣೆಯಲ್ಲಿ ಮಂಚಕ್ಕೆ ಹೊಸ ದುಪ್ಪಟಿ. ಅಜ್ಜಿಗೆ ದಿಂಬಿಟ್ಟು ಒರಗಿಸಿ ಕೂರಿಸಿದ್ದರು. ಪಕ್ಕದಲ್ಲಿ ತಂಗಿ, ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ.

“ಅಕ್ಕಾ, ಸೆರಗು ಸರಿ ಮಾಡ್ಕೋ. ಫೋಟೋದಲ್ಲಿ ಹಂಗೇ ಬಂದ್ಬಿಡುತ್ತೆ.”

“ಹೋದ್ಸಲ ಸೆರಗು ಸರಿಯಾಗೇ ಇತ್ತಲ್ಲೇ. ಬಂತಾ? ಆಂಜಿ, ಈ ಸಲಾನೂ ಇದ್ದಿಲೇನ್ಲಾ?”

“ಇಲ್ಲಜ್ಜಿ. ಈ ಸಲ ಹಗಲು ತಂದಿದ್ದೀನಿ ಹಗಲು!”

ಹೆಮ್ಮೆಯಿಂದ ಹುರಿ ಬಿಚ್ಚಿದ. ಪೇಪರು ತೆಗೆದ. ತೆಗೆದವನು ಹಾಗೇ ಕೂತ. ಬ್ಯಾಟರಿಯ ಮೂಲೆಯಲ್ಲಿ ವೆಂಕಟರಾಮಪ್ಪನವರು ಮೊಳೆಯಲ್ಲಿ ಗೀಚಿದ್ದ ಹಳೆಯ ‘ಶ್ರೀ’ ಕಾಣಿಸಿತು. ಬಾಯಿ ಮುಚ್ಚಿದ ಮೇಲಿನ ಅರಗು ಹಳೆಯದು, ಬಿರುಕು ಬಿಟ್ಟದ್ದು. ಬಿಚ್ಚಿ ಕಟ್ಟಿದ ಬ್ಯಾಟರಿಗೆ ಹೊಸ ಅರಗು ಹೊಯ್ಯದೆ ಇರುತ್ತಾರೆಯೇ? ಆದರೂ ದೇವರ ಮೇಲೆ ಭಾರ ಹಾಕಿ ಪೆಟ್ಟಿಗೆಗೆ ಸೇರಿಸಿ ಗುಂಡಿ ಒತ್ತಿದ. ಜೀವವಿದ್ದರೆ ಫ್ಲಾಶು ‘ಕುಂಯ್’ ಎಂದು ಸಣ್ಣಗೆ ರಾಗ ತೆಗೆಯಬೇಕು, ಕೆಂಪು ದೀಪ ಕಣ್ಣು ಬಿಡಬೇಕು. ರಾಗವೂ ಇಲ್ಲ, ಕಣ್ಣೂ ಇಲ್ಲ.

“ಇದು ತುಂಬಿದೆ ನೋಡಪ್ಪಾ.”

ಈಗ ಕೇಳಿಸಿತು ಮುನಿತಾಯಮ್ಮನ ಮಾತು. ಬೆಳಿಗ್ಗೆ ಅಂಗಡಿಯಲ್ಲಿ ಕಿವಿಗೆ ಬಿದ್ದದ್ದು ಈಗ ಪಾಳ್ಯದಲ್ಲಿ ಅರ್ಥವಾಯಿತು. ಶುಕ್ರವಾರ, ಅರಿಶಿನ ಕುಂಕುಮ ಹಚ್ಚಿದ ಮೆಷಿನ್ನಿನ ಎದುರು, ಆ ತಾಯಿ ‘ಇದು ಸತ್ತಿದೆ, ಇದು ಬರಿದು’ ಎಂದು ಬಾಯಿ ಬಿಟ್ಟು ಹೇಗೆ ಅಂದಾಳು? ಮನೆಯಲ್ಲಿ ದಿನವೂ ಕೇಳುವ ಮಾತು. ಅಷ್ಟೇಕೆ, ಅವತ್ತು ಬೆಳಿಗ್ಗೆಯೇ ಭಾಗ್ಯಮ್ಮ ಅಕ್ಕಿಯ ಬಗ್ಗೆ ಆಡಿದ ಮಾತು. ತಪ್ಪು ಅವಳದಲ್ಲ. ಮನೆಯ ಮಾತನ್ನು ಅಂಗಡಿಯ ಕಿವಿಯಲ್ಲಿ ಕೇಳಿಸಿಕೊಂಡವನು ತಾನು.

“ಏನಾಯ್ತಪ್ಪಾ?” ಅಂದ ಅಪ್ಪಯ್ಯಣ್ಣ.

“ತುಂಬಿದ ಬ್ಯಾಟರಿ ತಂದ್ಬಿಟ್ಟೆ ಅಪ್ಪಯ್ಯಣ್ಣಾ.”

“ಒಳ್ಳೇದೇ ಆಯ್ತಲ್ಲ!”

“ಅಕ್ಕಿ ತುಂಬಿದಂಗೆ ತುಂಬಿರೋದು.”

ಮುತ್ತಮ್ಮಜ್ಜಿ ನಗಲು ಶುರು ಮಾಡಿದಳು. ತಂಗಿಗೂ ಹತ್ತಿಕೊಂಡಿತು. ಇಬ್ಬರೂ ಮುದುಕಿಯರು ಒಬ್ಬರ ಹೆಗಲಿಗೊಬ್ಬರು ತಲೆ ಕೊಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಂಜಿನಪ್ಪ ಮಾತ್ರ ಅವರನ್ನೇ ನೋಡುತ್ತ ಕೂತ. ಆ ಕ್ಷಣದ ಆ ಇಬ್ಬರ ಮುಖ! ಅದನ್ನಲ್ಲವೇ ತಾನು ತೆಗೆಯಬೇಕಾಗಿದ್ದದ್ದು?

“ಹೋಗ್ಲಿ ಬಿಡ್ಲಾ, ಬರೋ ವರ್ಷ ತೆಗೀವಂತೆ” ಅಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. ಬರುವ ವರ್ಷ ಎಂಬುದೂ ಅಂಥದೇ ತುಂಬಿದ ಮಾತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರುಕ್ಮಿಣಮ್ಮ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಂಜಿನಪ್ಪ ಹೊರಗೆ ಬಂದು ಜಗುಲಿಯ ಮೇಲೆ ಕೂತ. ‘ಸ್ವಾಮೀ, ಬೆಳಕು ನಂದಲ್ಲ ಅಂತ ಗುರುಗಳು ಹೇಳಿದ್ದು ನಿಜ. ದಾರಿಯಾದರೂ ನಾನು ಆಗಬೇಕಲ್ಲ’ ಎಂದು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದವನಿಗೆ ದೇವರು ಕಾಣಲಿಲ್ಲ, ಲಾರಿಯ ಸದ್ದು ಕೇಳಿಸಿತು. ಊರ ಮುಂದಿನ ತೋಪಿನಲ್ಲಿ ತೆಂಗಿನಕಾಯಿ ತುಂಬಿಸಿಕೊಳ್ಳಲು ಬಂದ ಲಾರಿಯನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದರು. ಆ ಸದ್ದು ನಿಂತ ಕೂಡಲೇ ಪಿಳ್ಳಪ್ಪನ ದನಿ ತಲೆಯೊಳಗೆ ಹೇಳಿತು: ಲಾರಿ ಬ್ಯಾಟರಿ ಅಂದ್ರೆ ಆರು ಮನೆ ವಠಾರ.

ಆಂಜಿನಪ್ಪ ಚಪ್ಪಲಿ ಬಿಟ್ಟು ಓಡಿದ.

ಲಾರಿಯ ಡ್ರೈವರು ಚಿಕ್ಕಬೀರಪ್ಪ ಆಗ ತಾನೇ ಇಳಿದು ಎಳನೀರಿಗೆ ಬಾಯಿ ಹಚ್ಚಿದ್ದ. ಎಲ್ಲವನ್ನೂ ಕೇಳಿ, ಎಳನೀರು ಕೆಳಗಿಟ್ಟು, ಆಂಜಿನಪ್ಪನ ಬಾಯಿಯ ಹತ್ತಿರ ಮೂಗು ತಂದು ಮೂಸಿದ.

“ಕುಡಿದಿಲ್ಲ. ಹಂಗಾದ್ರೆ ಏನ್ ಗುರು ಇದು? ನನ್ನ ಗಾಡಿ ಬ್ಯಾಟರಿ ಬಿಚ್ಚಿ ಮುದುಕಿ ಮಂಚದ ಹತ್ರ ತರ್ಬೇಕಾ?”

“ಅರ್ಧ ಗಂಟೆ ಸಾಕಪ್ಪಾ. ಆರು ಮನೇಲಿ ಎರಡೇ ಮನೆ ಬೇಕಿರೋದು. ನಿನ್ನ ಗಾಡಿಗೆ ಗೊತ್ತೂ ಆಗಲ್ಲ.”

“ಆಮೇಲೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ?”

“ಊರೋರೆಲ್ಲ ಸೇರಿ ತಳ್ತೀವಿ, ನೆಲಮಂಗಲದ ತನಕ!” ಅಂದ ಹಿಂದೆಯೇ ಓಡಿ ಬಂದಿದ್ದ ಅಪ್ಪಯ್ಯಣ್ಣ.

ಚಿಕ್ಕಬೀರಪ್ಪ ತಲೆ ಕೆರೆದುಕೊಂಡ. ಎಳನೀರನ್ನು ನೋಡಿದ, ಲಾರಿಯನ್ನು ನೋಡಿದ. “ನಮ್ಮವ್ವಂದೂ ಒಂದು ಫೋಟೋ ಇಲ್ಲ ಕಣಣ್ಣಾ” ಎಂದು, ಸೀಟಿನ ಕೆಳಗಿಂದ ಸ್ಪ್ಯಾನರು ತೆಗೆದ.

ಒಂದು ಗೋಣಿಚೀಲದಲ್ಲಿ ಬ್ಯಾಟರಿಯನ್ನಿಟ್ಟು, ಎರಡು ತುದಿ ಹಿಡಿದು, ಆಸಿಡ್ಡು ತುಳುಕದ ಹಾಗೆ ದೇವರ ಪಲ್ಲಕ್ಕಿಯಷ್ಟು ನಿಧಾನವಾಗಿ ತಂದರು. ಮಂಚದ ಪಕ್ಕ ಇಳಿಸಿದಾಗ ರುಕ್ಮಿಣಮ್ಮ ಕಾಲು ಮೇಲೆ ತೆಗೆದುಕೊಂಡಳು. “ಅಯ್ಯೋ, ಇದೇನ್ ಸಿಡಿಯುತ್ತಾ?”

“ಇಲ್ಲಮ್ಮಾ. ಸಾಧು ಎತ್ತು ಇದ್ದಂಗೆ.”

ಆಂಜಿನಪ್ಪ ಬ್ಯಾಟರಿಯ ಮೇಲೆ ಬಗ್ಗಿದ. ದಪ್ಪ ಕೊಂಬು ಯಾವುದೆಂದು ಮುಟ್ಟಿ ನೋಡಿದ. ಅಲ್ಲಿಂದ ಎಣಿಸಿದ: ಒಂದನೇ ಮನೆ, ಎರಡನೇ ಮನೆ. ಎರಡನೆಯದನ್ನು ಮೂರನೆಯದಕ್ಕೆ ಸೇರಿಸುವ ಸೀಸದ ಪಟ್ಟಿಯನ್ನು ಚಾಕುವಿನಿಂದ ಬೆಳ್ಳಗಾಗುವ ಹಾಗೆ ಕೆರೆದ. ಫ್ಲಾಶಿನ ಪೆಟ್ಟಿಗೆಯಿಂದ ಎರಡು ವಯರು ಎಳೆದು, ಕೆಂಪು ವಯರನ್ನು ಅಪ್ಪಯ್ಯಣ್ಣನ ಕೈಗೆ, ಕಪ್ಪನ್ನು ಚಿಕ್ಕಬೀರಪ್ಪನ ಕೈಗೆ ಕೊಟ್ಟ.

“ಅಣ್ಣಾ, ನೀನು ಕೊಂಬಿಗೆ ಒತ್ತಿ ಹಿಡಿ. ನೀನು ಈ ಪಟ್ಟಿಗೆ. ನಾನು ಹೇಳೋ ತನಕ ಬಿಡ್ಬೇಡಿ.”

“ಶಾಕ್ ಹೊಡೆಯುತ್ತೇನಪ್ಪಾ?”

“ನಾಲ್ಕು ವೋಲ್ಟು. ಇರುವೆ ಕಚ್ಚಿದಷ್ಟೂ ಗೊತ್ತಾಗಲ್ಲ.”

ಇಬ್ಬರು ಗಟ್ಟಿ ಗಂಡಸರು ಬ್ಯಾಟರಿಯ ಆಚೆ ಈಚೆ ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು ವಯರು ಒತ್ತಿದರು. ಆಂಜಿನಪ್ಪ ಮನಸ್ಸಿನಲ್ಲೇ ಆಂಜನೇಯನನ್ನು ನೆನೆದು ಗುಂಡಿ ಒತ್ತಿದ.

‘ಕುಂಯ್...’

ಸಣ್ಣಗೆ ಎದ್ದ ರಾಗ ಮೇಲೇರುತ್ತ, ತೆಳ್ಳಗಾಗುತ್ತ ಹೋಯಿತು. ಕೆಂಪು ದೀಪ ಕಣ್ಣು ಬಿಟ್ಟಿತು. ಹತ್ತು ಉಸಿರು ಕೂಡ ಆಗಿರಲಿಲ್ಲ, ಹೊಸದಾಗಿದ್ದಾಗ ಆಗುತ್ತಿದ್ದಂತೆಯೇ.

“ಇದೇನ್ಲಾ ಇದು, ಜೀರುಂಡೆ ಹಂಗೆ ಹಾಡ್ತದೆ?” ಅಂದಳು ಮುತ್ತಮ್ಮಜ್ಜಿ.

“ಅಕ್ಕಾ, ಸುಮ್ನಿರು. ನಗ್ಬೇಡ.”

“ನೀನು ನಗಿಸ್ಬೇಡ ಮೊದ್ಲು. ಆ ಇಬ್ರು ಗಂಡಸ್ರು ಕೂತಿರೋದು ನೋಡೇ, ಹಸು ಈಯೋಕೆ ಕಾಯ್ತಾ ಕೂತಂಗವ್ರೆ!”

ರುಕ್ಮಿಣಮ್ಮ ಫಕ್ಕನೆ ನಕ್ಕಳು. ಅಕ್ಕನ ತಲೆ ತಂಗಿಯ ಹೆಗಲಿಗೆ ವಾಲಿತು. ಆಂಜಿನಪ್ಪ ಬೆರಳು ಒತ್ತಿದ. ಒಂದೇ ಒಂದು ಕ್ಷಣ, ಮೂರು ವರ್ಷದಿಂದ ಹಗಲು ಕಾಣದ ಆ ಕೋಣೆ ಮೂಲೆಮೂಲೆಯೂ ಬೆಳಗಿತು: ತೊಲೆ, ತೊಲೆಗೆ ಕಟ್ಟಿದ ತೊಟ್ಟಿಲ ಹಗ್ಗದ ಸವೆತ, ಗೋಡೆಯ ಸುಣ್ಣ, ಎರಡು ನಗು.

“ಅಯ್ಯಪ್ಪಾ!” ಅಂದಳು ಅಜ್ಜಿ, ರೆಪ್ಪೆ ಬಡಿಯುತ್ತ. “ಹುಟ್ಟಿದ ಮಗೀಗೆ ಹಿಂಗೇ ಆಯ್ತದೇನೋ, ದೀಪ ಹಿಡಿದಾಗ. ಎಷ್ಟು ಮಕ್ಳ ಕಣ್ಣಿಗೆ ಹಿಡ್ದಿದ್ದೀನಪ್ಪಾ ನಾನು!”

ಆಂಜಿನಪ್ಪ ಮತ್ತೆರಡು ತೆಗೆದ. ನಾಲ್ಕನೆಯದು ಚಿಕ್ಕಬೀರಪ್ಪನದು. ಅವನು ಬೇಡವೆಂದರೂ ಕೇಳದೆ ಮುತ್ತಮ್ಮಜ್ಜಿ ಕರೆದು ಪಕ್ಕಕ್ಕೆ ಕೂರಿಸಿಕೊಂಡಳು. ಆಗ ಕಪ್ಪು ವಯರು ಹಿಡಿದವಳು ಅಪ್ಪಯ್ಯಣ್ಣನ ಹೆಂಡತಿ. ಬ್ಯಾಟರಿ ವಾಪಸು ಕೂರಿಸಿದರೆ ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಲ್ಲರೂ ಊಟಕ್ಕೆ ಕೂತರು.

ಅಕ್ಕಿ? ಮರೆತೇ ಹೋಗಿತ್ತು. ಅವತ್ತು ಆಂಜಿನಪ್ಪನ ಮನೆಯಲ್ಲಿ ಬರೀ ಮುದ್ದೆ. ಕಥೆ ಪೂರ್ತಿ ಕೇಳಿದ ಮೇಲೆ ಭಾಗ್ಯಮ್ಮ ಬೈಯಲೂ ಇಲ್ಲ. “ಆ ತಾಯಿ ಹೇಳಿದ್ದು ಸರಿಯಾಗೇ ಇದೆ. ನಿಮಗೇ ಬುದ್ಧಿ ತುಂಬಿತ್ತು” ಅಂದಳು ಅಷ್ಟೆ.

ಸೋಮವಾರ ನೆಲಮಂಗಲಕ್ಕೆ ಹೋದಾಗ ಪಿಳ್ಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮುನಿತಾಯಮ್ಮ ಮಾತ್ರ ನಗಲಿಲ್ಲ. “ಕೂಗ್ದೆ ಕಣಪ್ಪಾ, ಅದಲ್ಲ ಇನ್ನೊಂದು ಅಂತ. ನೀನು ಕೈ ಮುಗಿದ್ಬಿಟ್ಟು ಹೊಂಟೋದೆ.” ಈ ಸಲ ತಾನೇ ಎದ್ದು, ಹೊಸ ಅರಗಿನ ಹೊಳಪಿದ್ದ ಬ್ಯಾಟರಿಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು. “ತಗೋ, ಇದು ತುಂಬಿದೆ.”

“ಯಾವ ತುಂಬಿದ್ದು ಕಣವ್ವಾ?” ಅಂದ ಪಿಳ್ಳಪ್ಪ. “ಮನೆ ತುಂಬಿದ್ದೋ, ಅಂಗಡಿ ತುಂಬಿದ್ದೋ?”

ಆಮೇಲೆ ಆ ಮಾತು ಲಾರಿಗಳ ಜೊತೆ ತುಮಕೂರಿನವರೆಗೂ ಹೋಯಿತಂತೆ.

ಫೋಟೋ ತೊಳೆದು, ದೊಡ್ಡದಾಗಿ ಎರಡು ಪ್ರತಿ ಮಾಡಿ, ಒಂದನ್ನು ಸಾಸಲಿಗೆ ಕಳಿಸಿ, ಇನ್ನೊಂದನ್ನು ಆಂಜಿನಪ್ಪ ತಾನೇ ಪಾಳ್ಯಕ್ಕೆ ಒಯ್ದ. ಮುತ್ತಮ್ಮಜ್ಜಿ ಬೆಳಕಿಂಡಿಯ ಕಡೆ ಹಿಡಿದು ಬಹಳ ಹೊತ್ತು ನೋಡಿದಳು. ತಂಗಿಯ ಮುಖವನ್ನು ಬೆರಳಿನಿಂದ ಸವರಿದಳು.

“ಇವ್ಳು ನಕ್ರೆ ನಮ್ಮವ್ವನ ಹಂಗೇ ಕಾಣ್ತಾಳಲ್ಲೋ. ಇಷ್ಟು ವರ್ಷ ಗೊತ್ತಾಗ್ಲೇ ಇಲ್ಲ.”

ಆಮೇಲೆ ಬೆರಳು ಫೋಟೋದ ಕೆಳಮೂಲೆಗೆ ಬಂತು. ಅಲ್ಲಿ ಮಂಚದ ಕಾಲಿನ ಪಕ್ಕ ಲಾರಿ ಬ್ಯಾಟರಿಯ ಒಂದು ಮೂಲೆ, ಅದಕ್ಕೆ ವಯರು ಒತ್ತಿ ಹಿಡಿದ ಒಂದು ಒರಟು ಹೆಬ್ಬೆರಳು.

“ತಪ್ಪಾಯ್ತಜ್ಜಿ. ಅದೊಂದನ್ನ ಕತ್ತರಿಸಿ, ಬೇರೆ ಮಾಡ್ಕೊಂಡು ಬರ್ತೀನಿ” ಅಂದ ಆಂಜಿನಪ್ಪ.

“ಯಾಕ್ಲಾ?” ಅಜ್ಜಿ ಫೋಟೋವನ್ನು ಎದೆಗೆ ಒತ್ತಿಕೊಂಡಳು. “ನಿಮ್ಮವ್ವ ನಿನ್ನ ಹೆತ್ತಾಗ ದೀಪ ಹಿಡ್ದಿದ್ದೋಳು ನಾನು. ನನ್ನ ಯಾರಾದ್ರೂ ಕತ್ತರಿಸಿ ಹಾಕಿದ್ರಾ? ದೀಪ ಹಿಡಿದ ಕೈನೂ ಇರ್ಲಿ ಬಿಡು.”